‘ಫಿಕ್ಸ್’ ಎಂದು ಬರೆದವನು ನಾನೇ

ಪ್ರೋಗ್ರಾಂನಲ್ಲಿ ಮಾಡಿದ ಬದಲಾವಣೆಯನ್ನು ದಾಖಲಿಸುವುದಕ್ಕೆ ಕಮಿಟ್ ಎನ್ನುತ್ತೇವೆ. ಅದರ ಜೊತೆ ಬರೆದಿಡುವ ಸಂದೇಶದ ಬಗ್ಗೆ ಇವತ್ತಿನ ನನ್ನ ಮಾತು. ನನ್ನದೇ ಒಂದು ಎಡವಟ್ಟಿನಿಂದ ಶುರುಮಾಡುತ್ತೇನೆ. ನಾವು ನಾಲ್ಕೈದು ಜನ ಸೇರಿ ಬಿಡುವಿನ ವೇಳೆಯಲ್ಲಿ ಕನ್ನಡದ ಕಾಗುಣಿತ ತಪಾಸಣೆಗೆ ಬೇಕಾದ ಪದಪಟ್ಟಿಯೊಂದನ್ನು ನೋಡಿಕೊಳ್ಳುತ್ತೇವೆ. ದೊಡ್ಡ ಯೋಜನೆಯೇನಲ್ಲ, ಹೆಸರು ಹೇಳಿದರೂ ನಿಮಗೆ ಗೊತ್ತಿರಲಾರದು. ಕಳೆದ ವರ್ಷ ಒಬ್ಬ ಶಿಕ್ಷಕಿ ನಮಗೆ ಪತ್ರ ಬರೆದರು. ‘ರ‍್ಯಾಂಕ್ ಎಂದು ಸರಿಯಾಗಿಯೇ ಟೈಪ್ ಮಾಡಿದ್ದೇನೆ. ಆದರೂ ಕೆಳಗೆ ಕೆಂಪು ಗೆರೆ ಬರುತ್ತಿದೆ. ಫಲಿತಾಂಶದ ಪಟ್ಟಿಯ ತುಂಬ ಕೆಂಪು ಗೆರೆಗಳೇ ಇವೆ, ಮುಖ್ಯೋಪಾಧ್ಯಾಯರು ನನ್ನ ಕನ್ನಡವನ್ನೇ ಅನುಮಾನಿಸುತ್ತಿದ್ದಾರೆ.’

ಸರಿ, ಪಟ್ಟಿಯನ್ನು ತೆರೆದೆ. ರ‍್ಯಾಂಕ್ ಎಂಬ ಪದ ಅಲ್ಲೇ ಕುಳಿತಿದೆ. ಆ ಸಾಲನ್ನು ಕೊನೆಗೆ ಮುಟ್ಟಿದವರು ಯಾರು ಎಂದು ತಿಳಿಯಲು, ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶಕ್ಕೆ ‘ಗಿಟ್ ಬ್ಲೇಮ್’ ಆದೇಶ ಕೊಟ್ಟೆ. ಬಂದ ಹೆಸರು ನನ್ನದು. ದಿನಾಂಕ 2019ರದ್ದು, ಸಮಯ ರಾತ್ರಿ ಒಂದೂ ನಲವತ್ತು. ಸಂದೇಶದ ಜಾಗದಲ್ಲಿ ಒಂದೇ ಪದ: ‘ಫಿಕ್ಸ್’.

ಏನನ್ನು ಬದಲಾಯಿಸಿದ್ದೆ ಎಂದು ಡಿಫ್ ತೆಗೆದು ನೋಡಿದೆ. ತೆಗೆದುಹಾಕಿದ ಸಾಲು ಕೆಂಪು ಬಣ್ಣದಲ್ಲಿ, ಸೇರಿಸಿದ ಸಾಲು ಹಸಿರು ಬಣ್ಣದಲ್ಲಿ ಕಾಣುತ್ತದೆ ಎಂಬುದು ನಿಮಗೆ ಗೊತ್ತು. ಕೆಂಪಿನಲ್ಲಿ ರ‍್ಯಾಂಕ್, ಹಸಿರಿನಲ್ಲೂ ರ‍್ಯಾಂಕ್. ಅದರ ಕೆಳಗೆ ಕೆಂಪಿನಲ್ಲಿ ರ‍್ಯಾಲಿ, ಹಸಿರಿನಲ್ಲೂ ರ‍್ಯಾಲಿ. ಹೀಗೇ 38 ಪದಗಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ, ಏನೂ ವ್ಯತ್ಯಾಸವಿಲ್ಲ. ರಾತ್ರಿ ಒಂದೂ ನಲವತ್ತಕ್ಕೆ ಎದ್ದು ಕುಳಿತು, ಇದ್ದುದನ್ನು ತೆಗೆದು ಇದ್ದುದನ್ನೇ ಹಾಕಿದ ಮಹಾನುಭಾವ ನಾನು!

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಕನ್ನಡದಲ್ಲಿ ರ, ವಿರಾಮ (ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆ), ಯ ಮೂರೂ ಒಂದರ ಹಿಂದೆ ಒಂದು ಬಂದರೆ ‘ಸೂರ್ಯ’ದ ಕೊನೆಯ ಅಕ್ಷರದಂತೆ ಅರ್ಕಾವೊತ್ತು ಬೀಳುತ್ತದೆ. ಆದರೆ ರ‍್ಯಾಂಕ್ ಬರೆಯುವಾಗ ನಮಗೆ ಅರ್ಕಾವೊತ್ತು ಬೇಡ. ರ ಪೂರ್ತಿಯಾಗಿ ನಿಲ್ಲಬೇಕು, ಯ ಅದರ ಒತ್ತಾಗಬೇಕು. ಅದಕ್ಕೆಂದು ಯುನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಸಂಖ್ಯೆ ಕೊಡುವ ಮಾನದಂಡ, ಒಂದು ಉಪಾಯ ಮಾಡಿದೆ: ರ ಆದ ಕೂಡಲೇ ‘ಜೀರೋ ವಿಡ್ತ್ ಜಾಯಿನರ್’ ಎಂಬ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡಬೇಕು. ಆದರೆ ಹಳೆಯ ಕಡತಗಳಲ್ಲಿ ಈ ಜೋಡಕ ವಿರಾಮದ ನಂತರ ಬಂದಿರುವುದೂ ಉಂಟು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರಗಳನ್ನು ಜೋಡಿಸಿ ತೋರಿಸುವ ‘ಹಾರ್ಫ್‌ಬಜ್’ ಎಂಬ ತಂತ್ರಾಂಶ ಎರಡು ಕ್ರಮಗಳನ್ನೂ ಒಂದೇ ರೀತಿ ತೋರಿಸುತ್ತದೆ. ಓದುವ ನಮಗೆ ಅನುಕೂಲವಾಯಿತು. ಆದರೆ ಕಾಗುಣಿತ ತಪಾಸಕನಿಗೆ ಕಣ್ಣಿಲ್ಲ. ಅದು ನೋಡುವುದು ಅಕ್ಷರಗಳ ಹಿಂದಿನ ಸಂಖ್ಯೆಗಳನ್ನು. ಸಂಖ್ಯೆಗಳ ಕ್ರಮ ಬೇರೆಯಾದರೆ ಪದವೇ ಬೇರೆ.

ಆ ದಿನ ಭಾನುವಾರ. ಬೈಟುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಇಷ್ಟನ್ನು ಪತ್ತೆ ಹಚ್ಚುವಷ್ಟರಲ್ಲಿ ಸಂಜೆಯಾಗಿತ್ತು. 2019ರಲ್ಲಿ ನಾನು 38 ಪದಗಳನ್ನು ಸರಿಯಾದ ಕ್ರಮದಿಂದ ಹಳೆಯ ಕ್ರಮಕ್ಕೆ ತಿರುಗಿಸಿದ್ದೆ. ಏಕೆ? ಅದು ಮಾತ್ರ ಹೊಳೆಯಲಿಲ್ಲ. ನಿದ್ದೆಗಣ್ಣಿನ ತಪ್ಪಿರಬೇಕು ಎಂದುಕೊಂಡು ಆ ಕಮಿಟ್ ಅನ್ನು ರಿವರ್ಟ್ ಮಾಡಿದೆ, ಅಂದರೆ ಆ ಬದಲಾವಣೆಯನ್ನು ಹಿಂತೆಗೆದೆ. ಶಿಕ್ಷಕಿಯವರು ಸಂತೋಷದಿಂದ ಉತ್ತರ ಬರೆದರು. ನಾಲ್ಕನೆಯ ದಿನ ಇನ್ನೊಬ್ಬರ ಪತ್ರ ಬಂತು: ‘ನಮ್ಮ ಹಳೆಯ ಕಡತಗಳಲ್ಲಿ ಇದ್ದಕ್ಕಿದ್ದಂತೆ ರ‍್ಯಾಂಕ್ ಎಲ್ಲ ತಪ್ಪೆಂದು ತೋರಿಸುತ್ತಿದೆ.’ ಅಂದರೆ 2019ರ ನನ್ನ ಕೆಲಸಕ್ಕೂ ಒಂದು ಕಾರಣವಿತ್ತು. ಆ ಕಾರಣ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಆ ರಾತ್ರಿಯ ನಾನು. ಅವನು ನನಗೆ ‘ಫಿಕ್ಸ್’ ಎಂಬ ಚೀಟಿ ಬಿಟ್ಟು ಹೋಗಿದ್ದ.

ನನ್ನ ದೊಡ್ಡಪ್ಪ ಗ್ರಾಮ ಲೆಕ್ಕಿಗರಾಗಿದ್ದರು. ಅವರ ಮನೆಗೆ ಬರುತ್ತಿದ್ದ ಜನರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಹಣಿ ಇರುತ್ತಿತ್ತು. ಚಿಕ್ಕವನಿದ್ದಾಗ ನಾನೂ ಒಂದನ್ನು ಓದಲು ಹೋಗಿ, ‘ಇದರಲ್ಲಿ ಎಲ್ಲ ಬರೆದಿದೆಯಲ್ಲ ದೊಡ್ಡಪ್ಪ, ಮತ್ತೇಕೆ ಜಗಳ?’ ಎಂದು ಕೇಳಿದ್ದೆ. ಅವರು ಹೇಳಿದ್ದು ಇಷ್ಟು: ‘ಜಮೀನು ಈಗ ಯಾರ ಹೆಸರಿನಲ್ಲಿದೆ ಎಂಬುದನ್ನು ಪಹಣಿ ಹೇಳುತ್ತದೆ ಕಣೋ. ಅವನ ಹೆಸರಿಗೆ ಹೇಗೆ ಬಂತು ಎಂದು ತಿಳಿಯಬೇಕಾದರೆ ಎಂ.ಆರ್. ತೆಗೆಸಬೇಕು.’ ಎಂ.ಆರ್. ಎಂದರೆ ಮ್ಯುಟೇಶನ್ ರಿಜಿಸ್ಟರ್. ಕ್ರಯವೋ, ದಾನವೋ, ವಿಭಾಗವೋ, ಪೌತಿಯೋ, ಪ್ರತಿಯೊಂದು ಬದಲಾವಣೆಯ ಕಾರಣವೂ ಅಲ್ಲಿ ದಾಖಲಾಗಿರುತ್ತದೆ. ಅದರ ಸಂಖ್ಯೆ ಮಾತ್ರ ಪಹಣಿಯಲ್ಲಿ ಕಾಣಿಸುತ್ತದೆ.

ನಿಮ್ಮ ಪ್ರೋಗ್ರಾಂ ಪಹಣಿ ಇದ್ದ ಹಾಗೆ. ಈ ಕ್ಷಣದಲ್ಲಿ ಏನಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಕಮಿಟ್ ಸಂದೇಶಗಳನ್ನೆಲ್ಲ ಸಾಲಾಗಿ ತೋರಿಸುವ ‘ಗಿಟ್ ಲಾಗ್’ ಎಂ.ಆರ್. ರಿಜಿಸ್ಟರ್. ಅದರಲ್ಲಿ ಕಾರಣದ ಅಂಕಣವನ್ನು ಖಾಲಿ ಬಿಟ್ಟು ‘ಬದಲಾವಣೆ’ ಎಂದಷ್ಟೇ ಬರೆದ ಗ್ರಾಮ ಲೆಕ್ಕಿಗನ ಗತಿ ಏನಾಗುತ್ತಿತ್ತು ಎಂದು ಊಹಿಸಿಕೊಳ್ಳಿ. ನಾವು ಮಾತ್ರ ದಿನಕ್ಕೆ ಹತ್ತು ಸಲ ಹಾಗೆ ಬರೆಯುತ್ತೇವೆ. ‘ಅಪ್‌ಡೇಟ್’, ‘ಬದಲಾವಣೆಗಳು’, ‘ಫೈನಲ್’, ‘ಫೈನಲ್ 2’, ‘ಈ ಸಲ ನಿಜವಾಗಿಯೂ ಫೈನಲ್’. ನಗುತ್ತಿರುವವರೆಲ್ಲ ಬರೆದವರೇ.

ಕಂಪನಿಯೊಳಗಿನ ಕೆಲಸವಾದರೆ ಹೇಗೋ ನಡೆದುಹೋಗುತ್ತದೆ. ಪಕ್ಕದ ಮೇಜಿನವರನ್ನು ಕೇಳಬಹುದು, ಕಾಫಿಗೆ ಹೋದಾಗ ವಿಚಾರಿಸಬಹುದು. ಮುಕ್ತ ತಂತ್ರಾಂಶದಲ್ಲಿ ಪಕ್ಕದ ಮೇಜು ಎಂಬುದೇ ಇಲ್ಲ. ಬರೆದವರು ಹಾಸನದಲ್ಲಿರಬಹುದು, ಪರಿಶೀಲಿಸುವವರು ಹೆಲ್ಸಿಂಕಿಯಲ್ಲಿರಬಹುದು. ಹತ್ತು ವರ್ಷಗಳ ನಂತರ ಅದನ್ನು ಬಿಚ್ಚಿ ನೋಡುವವರು ಇವತ್ತು ಇನ್ನೂ ಐದನೇ ತರಗತಿಯಲ್ಲಿರಬಹುದು. ಅವರಿಗೆಲ್ಲ ನಿಮ್ಮ ಪರವಾಗಿ ಉತ್ತರ ಹೇಳುವುದು ಆ ಸಂದೇಶದ ನಾಲ್ಕು ಸಾಲುಗಳು ಮಾತ್ರ.

ಒಂದು ಒಳ್ಳೆಯ ಉದಾಹರಣೆ ನೋಡೋಣ. ಬದಲಾವಣೆಗಳನ್ನು ದಾಖಲಿಸಲು ಲಿನಕ್ಸ್ ಕರ್ನಲ್ (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ತಂಡ ಮೊದಲು ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಬಳಸುತ್ತಿತ್ತು. 2005ರಲ್ಲಿ ಅದರ ಉಚಿತ ಬಳಕೆಗೆ ಕಲ್ಲು ಬಿತ್ತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕುಳಿತದ್ದು ಆಗ. ಗಿಟ್‌ನ ಮೊದಲ ಕಮಿಟ್ 2005ರ ಏಪ್ರಿಲ್ 7ರದ್ದು. ಅದರ ಸಂದೇಶದಲ್ಲಿ ಅವರು ತಮ್ಮ ಕೂಸನ್ನೇ ‘ನರಕದಿಂದ ಬಂದ ಮಾಹಿತಿ ನಿರ್ವಾಹಕ’ ಎಂದು ಕರೆದಿದ್ದಾರೆ. ಅದು ತಮಾಷೆ, ಬಿಡಿ. ನಾನು ಹೇಳಹೊರಟದ್ದು ಅದಾದ ಕೆಲವೇ ದಿನಗಳಲ್ಲಿ ಕರ್ನಲ್ ಅನ್ನು ಗಿಟ್‌ಗೆ ತಂದಾಗ ಅವರು ಬರೆದ ಸಂದೇಶದ ಬಗ್ಗೆ. ಶೀರ್ಷಿಕೆ ಲಿನಕ್ಸ್ 2.6.12-ಆರ್‌ಸಿ2 ಎಂದಷ್ಟೇ ಇದೆ. ಒಡಲಿನಲ್ಲಿ ಇರುವುದರ ಸಾರಾಂಶ ಇದು: ಹಳೆಯ ಇತಿಹಾಸ ನಮ್ಮ ಬಳಿ ಇದೆ, ಆದರೂ ತರುತ್ತಿಲ್ಲ. ತಂದರೆ ಸುಮಾರು 3.2 ಜಿಬಿ ಆಗುತ್ತದೆ. ಗಿಟ್‌ಗೆ ಇನ್ನೂ ಸರಿಯಾದ ಸಲಕರಣೆಗಳಿಲ್ಲದ ಈ ಆರಂಭದ ದಿನಗಳಲ್ಲಿ ಅದು ವೃಥಾ ತೊಡಕು. ಬೇಕಾದರೆ ಮುಂದೆ ಪ್ರತ್ಯೇಕ ಸಂಗ್ರಹ ಮಾಡಿಕೊಳ್ಳೋಣ.

ಇದರಲ್ಲಿ ನನಗೆ ಇಷ್ಟವಾದದ್ದು, ತಾವು ಏನನ್ನು ಮಾಡಲಿಲ್ಲ ಎಂಬುದನ್ನು ಅವರು ಬರೆದಿಟ್ಟಿರುವುದು. ಇಂದಿಗೂ ಕರ್ನಲ್‌ನ ಯಾವುದಾದರೂ ಹಳೆಯ ಸಾಲಿಗೆ ಬ್ಲೇಮ್ ಕೊಟ್ಟರೆ ಕೊನೆಗೆ ಬಂದು ನಿಲ್ಲುವುದು ಈ ಕಮಿಟ್‌ನ ಬಾಗಿಲಿನಲ್ಲಿ. ‘ಇದಕ್ಕಿಂತ ಹಿಂದೆ ಏಕೆ ಏನೂ ಇಲ್ಲ?’ ಎಂಬ ಪ್ರಶ್ನೆಯನ್ನು ಎಷ್ಟು ಜನ ಕೇಳಿಕೊಂಡಿರಬಹುದು! ಉತ್ತರ ಬಾಗಿಲಿನ ಮೇಲೆಯೇ ಅಂಟಿಸಿದೆ.

ಇನ್ನು ಸಂದೇಶದ ಅಂಗರಚನೆ. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನಿಯಮಗಳು ಎಲ್ಲೆಡೆ ಸಿಗುತ್ತವೆ. ಮೊದಲ ಸಾಲು ಶೀರ್ಷಿಕೆ. ನಂತರ ಒಂದು ಖಾಲಿ ಸಾಲು. ಆಮೇಲೆ ಒಡಲು. ಖಾಲಿ ಸಾಲು ಅಲಂಕಾರಕ್ಕಲ್ಲ. ಅಲ್ಲಿಯವರೆಗಿನ ಭಾಗವನ್ನು ಮಾತ್ರ ಗಿಟ್ ಶೀರ್ಷಿಕೆ ಎಂದು ತಿಳಿಯುತ್ತದೆ. ಒಂದೊಂದೇ ಸಾಲಿನ ಲಾಗ್‌ನಲ್ಲಿ ಕಾಣುವುದು, ಪ್ಯಾಚ್ ಅನ್ನು (ಇನ್ನೊಬ್ಬರಿಗೆ ಕಳಿಸುವ ಬದಲಾವಣೆಯನ್ನು) ಇಮೇಲ್ ಮಾಡಿದಾಗ ವಿಷಯದ ಸಾಲಾಗುವುದು ಎಲ್ಲವೂ ಅದೇ. ಖಾಲಿ ಸಾಲು ಬಿಡದೆ ಬರೆದರೆ ಇಡೀ ಪ್ಯಾರಾ ಶೀರ್ಷಿಕೆಯಾಗಿ ಬಂದು ಕೂರುತ್ತದೆ.

ಶೀರ್ಷಿಕೆ ಸುಮಾರು 50 ಅಕ್ಷರ, ಒಡಲಿನ ಸಾಲು 72 ಅಕ್ಷರ ಎಂಬ ರೂಢಿ ಇದೆ. 72 ಎಲ್ಲಿಂದ ಬಂತು ಎಂದರೆ, ಹಳೆಯ ಟರ್ಮಿನಲ್‌ಗಳಲ್ಲಿ ಸಾಲಿಗೆ 80 ಅಕ್ಷರ. ಗಿಟ್ ಲಾಗ್ ಎಡಕ್ಕೆ ನಾಲ್ಕು ಜಾಗ ಬಿಡುತ್ತದೆ, ಬಲಕ್ಕೂ ಅಷ್ಟೇ ಬಿಟ್ಟರೆ ಉಳಿಯುವುದು 72. ಕರ್ನಲ್‌ನವರು ಶೀರ್ಷಿಕೆಗೆ 70ರಿಂದ 75ರವರೆಗೂ ಬಿಡುತ್ತಾರೆ. ಇದರಲ್ಲಿ ಮಡಿ ಮಾಡಬೇಡಿ. ಕನ್ನಡದಲ್ಲಿ ಬರೆದರಂತೂ ಈ ಲೆಕ್ಕ ತಲೆಕೆಳಗಾಗುತ್ತದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯುನಿಕೋಡ್‌ನ ಎಣಿಕೆಯಲ್ಲಿ ಆರು. ಒಂದು ಉಸಿರಿನಲ್ಲಿ ಓದಿ ಮುಗಿಸುವಂತಿದ್ದರೆ ಶೀರ್ಷಿಕೆ ಸಾಕಷ್ಟು ಚಿಕ್ಕದಾಗಿದೆ ಎಂದೇ ಲೆಕ್ಕ.

ಶೀರ್ಷಿಕೆಯನ್ನು ಆಜ್ಞಾರ್ಥದಲ್ಲಿ ಬರೆಯಬೇಕು ಎಂಬುದು ಇನ್ನೊಂದು ರೂಢಿ. ಕರ್ನಲ್‌ನ ಕೈಪಿಡಿ ಇದನ್ನು ಚೆನ್ನಾಗಿ ವಿವರಿಸುತ್ತದೆ: ಪ್ರೋಗ್ರಾಂಗೇ ‘ಹೀಗೆ ಬದಲಾಗು’ ಎಂದು ಅಪ್ಪಣೆ ಕೊಡುತ್ತಿದ್ದೀರಿ ಎಂದುಕೊಂಡು ಬರೆಯಿರಿ. ಗಿಟ್ ತಾನಾಗಿ ಬರೆಯುವ ರಿವರ್ಟ್, ಮರ್ಜ್ ಸಂದೇಶಗಳೂ ಇದೇ ಧಾಟಿಯಲ್ಲಿರುತ್ತವೆ. ನಮ್ಮ ಪದಪಟ್ಟಿಯಲ್ಲಿ ಕನ್ನಡದಲ್ಲೇ ಬರೆಯೋಣ ಎಂದು ತೀರ್ಮಾನಿಸಿದಾಗ ಇದರ ಮೇಲೆ ಒಂದು ವಾರ ಚರ್ಚೆ ನಡೆಯಿತು. ‘ಸೇರಿಸು’ ಎಂದು ಬರೆಯುವುದೋ, ‘ಸೇರಿಸಿ’ ಎಂದು ಬರೆಯುವುದೋ? ನಮ್ಮಲ್ಲಿ ಹಿರಿಯರಾದ ಒಬ್ಬರು, ‘ಏಕವಚನದಲ್ಲಿ ಬರೆದರೆ ಯಾರಿಗೋ ಗದರಿದ ಹಾಗಿರುತ್ತದೆ’ ಎಂದರು. ಆದರೆ ಪ್ರೋಗ್ರಾಂಗೆ ಬಹುವಚನ ಕೊಟ್ಟು ಮಾತನಾಡಿಸುವುದು ಎತ್ತಿಗೆ ‘ತಾವು ದಯಮಾಡಿಸಿ’ ಎಂದ ಹಾಗೆ ಎಂದು ಇನ್ನೊಬ್ಬರು ಹೇಳಿದ ಮೇಲೆ ‘ಸೇರಿಸು’ ಗೆದ್ದಿತು.

ಆ ಚರ್ಚೆಯಲ್ಲಿ ಸೋತ ಮೂರನೆಯ ಅಭ್ಯರ್ಥಿಯ ಬಗ್ಗೆಯೂ ಹೇಳಬೇಕು: ‘ಸೇರಿಸಲಾಗಿದೆ’. ನಮಗೆಲ್ಲ ಈ ‘ಲಾಗಿದೆ’ ಅಂಟಿಕೊಂಡಿರುವುದು ಸರ್ಕಾರಿ ಸುತ್ತೋಲೆಗಳಿಂದ. ‘ಕ್ರಮ ಕೈಗೊಳ್ಳಲಾಗಿದೆ’, ‘ಪರಿಶೀಲಿಸಲಾಗಿದೆ’. ಈ ವಾಕ್ಯಗಳಲ್ಲಿ ಯಾರೂ ಯಾವುದನ್ನೂ ಮಾಡಿರುವುದಿಲ್ಲ, ಎಲ್ಲವೂ ತಂತಾನೇ ಆಗಿರುತ್ತದೆ. ‘ದೋಷವನ್ನು ಸರಿಪಡಿಸಲಾಗಿದೆ’ ಎಂದು ಬರೆದ ಕೂಡಲೇ ಕೆಲಸ ಮುಗಿಯಿತೆಂಬ ನೆಮ್ಮದಿ ಬರುತ್ತದೆ. ಯಾವ ದೋಷ, ಏಕೆ ಬಂತು ಎಂಬುದನ್ನು ಹೇಳುವ ಹಂಗೇ ಇರುವುದಿಲ್ಲ. ನನ್ನ ‘ಫಿಕ್ಸ್’ ಕೂಡ ಇದೇ ಜಾತಿಯದು, ಒಂದು ಅಂಗಿ ಕಡಿಮೆ ಅಷ್ಟೇ.

ಈಗ ಕಾರಣದ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಕೆಲವರಾದರೂ ಡೆಬಿಯನ್ (ಲಿನಕ್ಸ್‌ನ ಒಂದು ಆವೃತ್ತಿ) ಮತ್ತು ಓಪನ್‌ಎಸ್‌ಎಸ್‌ಎಲ್‌ನ ಕಥೆಯನ್ನು ಕೇಳಿರಬಹುದು. ಓಪನ್‌ಎಸ್‌ಎಸ್‌ಎಲ್ ಎಂದರೆ ಅಂತರಜಾಲದ ಗುಪ್ತಲಿಪಿಯ ಕೆಲಸವನ್ನು ಬಹುಪಾಲು ಹೊತ್ತಿರುವ, ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ತಂತ್ರಾಂಶ. ಅದರಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಒಂದು ಭಾಗವಿದೆ. 2006ರಲ್ಲಿ ಡೆಬಿಯನ್‌ನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ಒಂದು ತಲೆನೋವು ಬಂತು. ಮೆಮೊರಿ ತಪ್ಪುಗಳನ್ನು ಹಿಡಿಯುವ ‘ವ್ಯಾಲ್‌ಗ್ರಿಂಡ್’ ಎಂಬ ಸಲಕರಣೆ, ಆ ಭಾಗದ ಎರಡು ಸಾಲುಗಳ ಕಾರಣಕ್ಕೆ ‘ಬೆಲೆ ಕೊಡದ ಮೆಮೊರಿಯನ್ನು ಬಳಸುತ್ತಿದ್ದೀರಿ’ ಎಂದು ದೂರುತ್ತಲೇ ಇತ್ತು. ಎರಡೂ ಸಾಲುಗಳು ನೋಡಲು ಒಂದೇ ಥರ. ಒಂದರ ಪಕ್ಕದಲ್ಲಿ ಇಂಥದ್ದೇ ಇನ್ನೊಂದು ಸಲಕರಣೆ ಗೊಣಗುತ್ತದೆ ಎಂಬ ಟಿಪ್ಪಣಿಯನ್ನು ಮೂಲ ಲೇಖಕರು ಹಾಕಿದ್ದರು. ಇನ್ನೊಂದರ ಪಕ್ಕದಲ್ಲಿ ಏನೂ ಇರಲಿಲ್ಲ. ನಿರ್ವಾಹಕರು ಓಪನ್‌ಎಸ್‌ಎಸ್‌ಎಲ್‌ನ ಚರ್ಚಾಪಟ್ಟಿಯಲ್ಲಿ ವಿಚಾರಿಸಿ, ಎರಡನ್ನೂ ಕಾಮೆಂಟ್ ಮಾಡಿದರು, ಅಂದರೆ ಕೆಲಸ ಮಾಡದಂತೆ ಬರೀ ಟಿಪ್ಪಣಿಯಾಗಿಸಿದರು.

ಮೊದಲನೆಯದು ಹೋದದ್ದರಿಂದ ನಷ್ಟವೇನೂ ಆಗಲಿಲ್ಲ. ಆದರೆ ಎರಡನೆಯದು ಸಂಖ್ಯೆಗಳ ಕುಡಿಕೆಗೆ ಯಾದೃಚ್ಛಿಕತೆಯನ್ನು ಸುರಿಯುತ್ತಿದ್ದ ಸಾಲು. ಅದು ಹೋದ ಮೇಲೆ ಕುಡಿಕೆಯಲ್ಲಿ ಉಳಿದದ್ದು ಪ್ರಕ್ರಿಯೆಯ ಸಂಖ್ಯೆ, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ ಯಂತ್ರ ಕೊಡುವ ಸಂಖ್ಯೆ ಮಾತ್ರ. ಅದಕ್ಕೆ ಹೆಚ್ಚೆಂದರೆ 32,768 ಬೆಲೆಗಳು. ಅಂದರೆ ಒಂದು ಬಗೆಯ, ಒಂದು ಅಳತೆಯ ಗುಪ್ತಲಿಪಿಯ ಕೀಲಿಗಳು ಜಗತ್ತಿನಲ್ಲಿ ಕೋಟಿ ಕೋಟಿ ಇರಬೇಕಾದಲ್ಲಿ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಹುಟ್ಟಿದ್ದು ಅಷ್ಟರೊಳಗಿನವು. ಒಂದು ಮಧ್ಯಾಹ್ನ ಕುಳಿತು ಎಲ್ಲವನ್ನೂ ಪ್ರಯತ್ನಿಸಿ ನೋಡಬಹುದು. ಇದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ಎರಡು ವರ್ಷ! ಅಷ್ಟರಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಈ ಕಥೆಯನ್ನು ಹೇಳಿ ಆ ನಿರ್ವಾಹಕರನ್ನು ಬೈಯುವುದು ವಾಡಿಕೆ. ನಾನು ಬೈಯುವುದಿಲ್ಲ. ಬದಲಾವಣೆಯ ದಾಖಲೆಯಲ್ಲಿ ಅವರು ತಮ್ಮ ಕಾರಣವನ್ನು ಬರೆದಿದ್ದರು: ಬೆಲೆ ಕೊಡದ ದತ್ತಾಂಶವನ್ನು ಯಾದೃಚ್ಛಿಕ ಭಾಗಕ್ಕೆ ಸೇರಿಸಬೇಡ, ಅದರಿಂದ ವ್ಯಾಲ್‌ಗ್ರಿಂಡ್‌ನ ದೂರು ನಿಲ್ಲುತ್ತದೆ. ಕಾರಣ ತಪ್ಪು, ಆದರೆ ಪ್ರಾಮಾಣಿಕ. ಇವತ್ತು ಅದನ್ನು ಓದಿದ ಯಾರಿಗಾದರೂ ಅವರ ಯೋಚನೆ ಎಲ್ಲಿ ಜಾರಿತು ಎಂಬುದು ಕಾಣುತ್ತದೆ. ಬರೆಯದೆ ಹೋದ ಕಾರಣ ಇನ್ನೊಂದು ಕಡೆ ಇತ್ತು. ಆ ಎರಡನೆಯ ಸಾಲು ಅಲ್ಲಿ ಏಕಿದೆ, ತೆಗೆದರೆ ಏನಾಗುತ್ತದೆ ಎಂಬುದನ್ನು ಅದರ ಪಕ್ಕದಲ್ಲಿ ಯಾರೂ ಹೇಳಿರಲಿಲ್ಲ. ನೀವು ಬರೆಯುವ ವಿಚಿತ್ರವಾದ ಸಾಲು ನಿಮಗೆ ವಿಚಿತ್ರವೆನಿಸುವುದಿಲ್ಲ. ಮುಂದೆ ಬಂದವನು ಕಸವೆಂದು ಗುಡಿಸುತ್ತಾನೆ. ಹಾಗಾಗಿ ‘ಇದನ್ನು ತೆಗೆಯಬೇಡಿ, ಏಕೆಂದರೆ…’ ಎಂಬ ವಾಕ್ಯವನ್ನು ಪ್ರೋಗ್ರಾಂನೊಳಗೇ ಬರೆಯಿರಿ. ಹಾರ್ಫ್‌ಬಜ್‌ನವರು ನಮ್ಮ ರ‍್ಯಾಂಕ್ ವಿಷಯದಲ್ಲಿ ಮಾಡಿರುವುದು ಅದನ್ನೇ. ಕನ್ನಡದ ಹಳೆಯ ಬಳಕೆಗೆ ಹೊಂದಿಕೊಳ್ಳಲು ಜೋಡಕದ ಎರಡೂ ಕ್ರಮಗಳನ್ನು ಒಂದೇ ಎಂದು ಭಾವಿಸಬೇಕು ಎಂಬ ಟಿಪ್ಪಣಿ ಆ ಸಾಲುಗಳ ನೆತ್ತಿಯ ಮೇಲೇ ಇದೆ, ಚರ್ಚೆಯ ಕೊಂಡಿಯೊಡನೆ. ನಾನು ಆ ಭಾನುವಾರ ದಾರಿ ಕಂಡುಕೊಂಡದ್ದು ಅದನ್ನು ಓದಿ. ಕನ್ನಡ ಟೈಪ್ ಮಾಡುವ ಎಲ್ಲರೂ ಅವರಿಗೆ ಒಂದು ಕಾಫಿ ಬಾಕಿ ಇದ್ದೇವೆ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ 2024ರದ್ದು. ಎಕ್ಸ್‌ಜೆಡ್ ಎಂಬ ಸಂಕುಚನ ತಂತ್ರಾಂಶಕ್ಕೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ವರ್ಷಗಟ್ಟಲೆ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಹಿಂಬಾಗಿಲನ್ನು ಇಟ್ಟರು. ಅದರ ಮುಖ್ಯ ಭಾಗ ಅಡಗಿದ್ದದ್ದು ಪರೀಕ್ಷೆಗೆಂದು ಸೇರಿಸಿದ ಕಡತಗಳಲ್ಲಿ. ಸಂದೇಶ ಬಹಳ ಸಾಧು: ಪರೀಕ್ಷೆಗೆ ಕೆಲವು ಕಡತಗಳನ್ನು ಸೇರಿಸು. ಎರಡು ವಾರದ ನಂತರ ಅವುಗಳಲ್ಲಿ ಎರಡನ್ನು ಬದಲಾಯಿಸಿದಾಗ ಸಂದೇಶ ಇನ್ನೂ ಸೊಗಸಾಗಿತ್ತು. ಹಿಂದಿನವು ನನ್ನ ಯಂತ್ರದ ಯಾದೃಚ್ಛಿಕ ಸಂಖ್ಯೆಗಳಿಂದ ಹುಟ್ಟಿದ್ದವು, ಮುಂದೆ ಬೇರೆಯವರೂ ಇವನ್ನೇ ಮರಳಿ ತಯಾರಿಸಲು ಅನುಕೂಲವಾಗಲೆಂದು ಸ್ಥಿರ ಬೀಜದಿಂದ, ಅಂದರೆ ಬದಲಾಗದ ಒಂದು ಆರಂಭದ ಸಂಖ್ಯೆಯಿಂದ, ಮತ್ತೆ ತಯಾರಿಸಿದ್ದೇನೆ ಎಂಬ ಅರ್ಥದ ಮಾತು. ನೋಡಿ, ಕಾರಣ ಇದೆ, ವಿನಯ ಇದೆ, ವ್ಯಾಕರಣ ಇದೆ. ನಾನು ಇವತ್ತು ನಿಮಗೆ ಹೇಳಲಿರುವ ಪಾಠಗಳಲ್ಲಿ ಪೂರ್ಣ ಅಂಕ ತೆಗೆದುಕೊಳ್ಳಬಹುದಾದ ಸಂದೇಶ. ಪೂರ್ತಿ ಸುಳ್ಳು. ಸಿಕ್ಕಿಬಿದ್ದದ್ದೂ ಸಂದೇಶ ಓದಿದ್ದರಿಂದಲ್ಲ. ಆಂಡ್ರೆಸ್ ಫ್ರಾಯಂಡ್ ಎಂಬ ಪೋಸ್ಟ್‌ಗ್ರೆಸ್ ಅಭಿವರ್ಧಕರಿಗೆ ಎಸ್‌ಎಸ್‌ಎಚ್ ಲಾಗಿನ್ (ದೂರದ ಯಂತ್ರವನ್ನು ಪ್ರವೇಶಿಸುವುದು) ಸುಮಾರು ಅರ್ಧ ಸೆಕೆಂಡು ನಿಧಾನವೆನಿಸಿತು. ಬೆನ್ನು ಹತ್ತಿ ಹೋದರು, 2024ರ ಮಾರ್ಚ್ 29ರಂದು ಬಯಲಿಗೆಳೆದರು.

ಅದೇ ಪ್ರಸಂಗದಲ್ಲಿ ಇನ್ನೊಂದು ಸಣ್ಣ ಕುತಂತ್ರವಿತ್ತು. ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಲಭ್ಯವಿದೆಯೇ ಎಂದು ನೋಡುವ ಪರೀಕ್ಷಾ ತುಣುಕಿನಲ್ಲಿ ಒಂದೇ ಒಂದು ಚುಕ್ಕಿಯನ್ನು ಸೇರಿಸಿದ್ದರು. ಚುಕ್ಕಿಯಿಂದ ಆ ತುಣುಕು ಕಂಪೈಲ್ ಆಗುವುದಿಲ್ಲ. ಆದ್ದರಿಂದ ರಕ್ಷಣೆ ಲಭ್ಯವಿಲ್ಲ ಎಂಬ ತೀರ್ಮಾನವಾಗಿ ಅದು ಸದ್ದಿಲ್ಲದೆ ಆರಿಹೋಗುತ್ತದೆ. ಮೂಲ ನಿರ್ವಾಹಕರಾದ ಲಾಸ್ಸೆ ಕಾಲಿನ್ ಆಮೇಲೆ ಆ ಚುಕ್ಕಿಯನ್ನು ತೆಗೆದರು. ಡಿಫ್‌ನಲ್ಲಿ ಇದ್ದ ಕೆಲಸ ಒಂದು ಚುಕ್ಕಿ. ಶೀರ್ಷಿಕೆಯಲ್ಲಿ ಅವರು ಬರೆದದ್ದು, ಬುದ್ಧಿಪೂರ್ವಕವಾಗಿ ಕೆಡಿಸಲಾಗಿದ್ದ ಲ್ಯಾಂಡ್‌ಲಾಕ್ ತಪಾಸಣೆಯನ್ನು ಸರಿಪಡಿಸು ಎಂದು. ‘ಸಣ್ಣ ತಪ್ಪು ತಿದ್ದು’ ಎಂದು ಬರೆದಿದ್ದರೂ ಡಿಫ್ ಒಂದೇ ಆಗಿರುತ್ತಿತ್ತು. ಆದರೆ ಅದು ತಪ್ಪಲ್ಲ, ಅಪರಾಧ ಎಂಬುದು ಆ ಒಂದು ಪದವಿಲ್ಲದಿದ್ದರೆ ದಾಖಲೆಯಲ್ಲಿ ಉಳಿಯುತ್ತಿರಲಿಲ್ಲ.

ಒಂದು ಕಮಿಟ್‌ಗೆ ಒಂದೇ ಕೆಲಸ ಎಂಬ ಮಾತನ್ನು ನಿಮಗೆ ಎಲ್ಲರೂ ಹೇಳಿರುತ್ತಾರೆ. ಏಕೆ ಎಂಬುದನ್ನು ಮಾತ್ರ ಹೇಳುತ್ತೇನೆ. ‘ಗಿಟ್ ಬೈಸೆಕ್ಟ್’ ಎಂಬ ಆದೇಶವಿದೆ. ಹೋದ ತಿಂಗಳು ಸರಿಯಿತ್ತು, ಇವತ್ತು ಕೆಟ್ಟಿದೆ, ನಡುವೆ ಸಾವಿರ ಕಮಿಟ್‌ಗಳಿವೆ ಎಂದುಕೊಳ್ಳಿ. ಅದು ನಡುವಿನದನ್ನು ತೆಗೆದುಕೊಟ್ಟು ‘ಇದು ಸರಿಯಿದೆಯೇ?’ ಎಂದು ಕೇಳುತ್ತದೆ. ನಿಮ್ಮ ಉತ್ತರದಿಂದ ಅರ್ಧ ಉದುರುತ್ತದೆ. ಮತ್ತೆ ಅರ್ಧ, ಮತ್ತೆ ಅರ್ಧ. ಹತ್ತು ಪ್ರಶ್ನೆಗಳಲ್ಲಿ ಸಾವಿರದೊಳಗಿನ ಕಳ್ಳ ಸಿಗುತ್ತಾನೆ. ಆದರೆ ಸಿಕ್ಕಿದ ಕಮಿಟ್‌ನಲ್ಲಿ ನೀವು ಹನ್ನೆರಡು ಕಡತಗಳ ಜಾಗ ಜೋಡಣೆಯನ್ನೂ ಸರಿಮಾಡಿ, ಎರಡು ಹೆಸರು ಬದಲಾಯಿಸಿ, ಅದರ ನಡುವೆ ಒಂದು ಲೆಕ್ಕವನ್ನೂ ತಿದ್ದಿದ್ದರೆ ಏನು ಪ್ರಯೋಜನ? ಕಳ್ಳನ ಬದಲು ಮದುವೆಯ ದಿಬ್ಬಣ ಸಿಕ್ಕಿದ ಹಾಗೆ. ಶೀರ್ಷಿಕೆ ಬರೆಯುವಾಗ ‘ಹಾಗೂ’ ಎಂಬ ಪದ ಬೇಕೆನಿಸಿದರೆ ಅಲ್ಲೇ ನಿಲ್ಲಿ. ‘ಗಿಟ್ ಆ್ಯಡ್’ಗೆ ಪ್ಯಾಚ್ ಆಯ್ಕೆ ಕೊಟ್ಟರೆ ಒಂದೇ ಕಡತದೊಳಗಿನ ಬದಲಾವಣೆಗಳನ್ನೂ ಬೇರೆ ಬೇರೆ ಕಮಿಟ್‌ಗೆ ಹಂಚಬಹುದು.

‘42ನೇ ದೋಷ ಸರಿಪಡಿಸು’ ಎಂದು ಸಂಖ್ಯೆಯನ್ನಷ್ಟೇ ಬರೆಯುವವರಿಗೆ ಒಂದು ಮಾತು. ಸಂಖ್ಯೆ ಇರಲಿ, ಬೇಕು. ಆದರೆ ಅದರ ಹಿಂದಿನ ಕಥೆಯನ್ನೂ ಎರಡು ಸಾಲಿನಲ್ಲಿ ಹೇಳಿ. ದೋಷಗಳ ಪಟ್ಟಿ ಇರುವ ತಾಣ ಶಾಶ್ವತವಲ್ಲ. ಗಿಟೋರಿಯಸ್ 2015ರಲ್ಲಿ ಹೋಯಿತು. ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿತು. ಕನ್ನಡವೂ ಸೇರಿದಂತೆ ಲೋಹಿತ್ ಫಾಂಟುಗಳ ಮನೆಯಾಗಿದ್ದ ಫೆಡೋರಾ ಹೋಸ್ಟೆಡ್ 2017ರಲ್ಲಿ ನಿಂತಿತು. ಮನೆ ಬದಲಾಯಿಸುವಾಗ ಗಿಟ್‌ನ ಇತಿಹಾಸ ಇಡಿಯಾಗಿ ಜೊತೆಯಲ್ಲಿ ಬರುತ್ತದೆ. ಗೋಡೆಯ ಮೇಲೆ ಬರೆದಿಟ್ಟದ್ದು ಅಲ್ಲೇ ಉಳಿಯುತ್ತದೆ.

ಕೊನೆಯ ಸಾಲುಗಳಲ್ಲಿ ಬರುವ ಹೆಸರುಗಳ ಬಗ್ಗೆಯೂ ಒಂದು ಮಾತು. ಕರ್ನಲ್‌ನಲ್ಲಿ 2004ರಿಂದ ಪ್ರತಿ ಪ್ಯಾಚ್‌ನ ಕೆಳಗೆ ಸಹಿಯ ಸಾಲು ಇರಬೇಕೆಂಬ ರೂಢಿ ಬಂದಿದೆ: ಇದನ್ನು ಕೊಡಲು ನನಗೆ ಹಕ್ಕಿದೆ ಎಂಬ ಘೋಷಣೆ ಅದು. ಅದರ ಜೊತೆಗೆ ದೂರು ಕೊಟ್ಟವರು, ಪರೀಕ್ಷಿಸಿದವರು, ಪರಿಶೀಲಿಸಿದವರು. ನನಗೆ ಇದನ್ನು ನೋಡಿದಾಗಲೆಲ್ಲ ನಮ್ಮ ಕ್ರಯಪತ್ರದ ಕೊನೆಯ ಪುಟ ನೆನಪಾಗುತ್ತದೆ. ಬರೆದುಕೊಟ್ಟವರ ರುಜು, ಸಾಕ್ಷಿಗಳು, ಬಿಕ್ಕಲಂ. ಗಿಟ್ ಕೂಡ ಬದಲಾವಣೆಯನ್ನು ಮಾಡಿದವರನ್ನೂ ಅದನ್ನು ದಾಖಲಿಸಿದವರನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತದೆ. ದೂರು ಕೊಟ್ಟವರ ಹೆಸರನ್ನು, ಅವರ ಒಪ್ಪಿಗೆ ಕೇಳಿ, ಸೇರಿಸಿ. ಅದಕ್ಕೆ ಖರ್ಚಿಲ್ಲ. ಹೆಸರು ಕಂಡವರು ಮುಂದಿನ ಸಲ ಇನ್ನೂ ಒಳ್ಳೆಯ ದೂರು ತರುತ್ತಾರೆ.

ಇಂಗ್ಲಿಷ್ ಬರುವುದಿಲ್ಲ, ಆದ್ದರಿಂದ ‘ಅಪ್‌ಡೇಟ್’ ಎಂದಷ್ಟೇ ಬರೆಯುತ್ತೇನೆ ಎಂದು ಬೆಳಗ್ಗೆ ಒಬ್ಬ ವಿದ್ಯಾರ್ಥಿನಿ ಹೇಳಿದರು. ಇದು ನಿಜವಾದ ಕಷ್ಟ. ದಾಟಿಸಿಬಿಡುವುದಿಲ್ಲ. ನಾನು ಕೊಡುವ ಉಪಾಯ ಇದು: ಗೆಳತಿಗೆ ಫೋನ್ ಮಾಡಿ ‘ನೋಡೇ, ಏನಾಗುತ್ತಿತ್ತು ಗೊತ್ತಾ?’ ಎಂದು ಹೇಳುವಂತೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಏನಾಗುತ್ತಿತ್ತು, ಏಕೆ ಆಗುತ್ತಿತ್ತು, ನೀವು ಯಾವ ದಾರಿ ಹಿಡಿದಿರಿ, ಬೇರೆ ದಾರಿ ಏಕೆ ಬೇಡವೆನಿಸಿತು. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ಇಳಿಸಿ. ಒರಟು ಇಂಗ್ಲಿಷಿನಲ್ಲಿ ಹೇಳಿದ ಕಾರಣವನ್ನು ನಿರ್ವಾಹಕರು ಸಂತೋಷದಿಂದ ಓದುತ್ತಾರೆ, ಅವರಲ್ಲಿ ಹಲವರಿಗೂ ಅದು ಮನೆಮಾತಲ್ಲ. ಓದುಗರೆಲ್ಲ ಕನ್ನಡಿಗರೇ ಆಗಿರುವ ಯೋಜನೆಯಾದರೆ ಇಂಗ್ಲಿಷಿನ ಗೊಡವೆಯೇ ಬೇಡ, ಗಿಟ್‌ಗೆ ಕನ್ನಡ ಚೆನ್ನಾಗಿ ಅರಗುತ್ತದೆ. ಡಿಫ್ ಓದಿ ಸಂದೇಶ ಬರೆದುಕೊಡುವ ಯಂತ್ರಗಳೂ ಈಗ ಇವೆ. ಪ್ರಾಮಾಣಿಕವಾಗಿ ಹೇಳುತ್ತೇನೆ, 2019ರಲ್ಲಿ ಅಂಥದ್ದು ನನ್ನ ಬಳಿ ಇದ್ದಿದ್ದರೆ ‘38 ಪದಗಳಲ್ಲಿ ಜೋಡಕದ ಸ್ಥಾನ ಬದಲಾಯಿಸು’ ಎಂದು ಬರೆದುಕೊಟ್ಟಿರುತ್ತಿತ್ತು. ನನ್ನ ಭಾನುವಾರ ಉಳಿಯುತ್ತಿತ್ತು. ಆದರೆ ಯಾರ ಹಳೆಯ ಕಡತಗಳಿಗಾಗಿ ಹಾಗೆ ಮಾಡಿದೆ ಎಂಬುದು ಡಿಫ್‌ನಲ್ಲಿ ಇರಲಿಲ್ಲ, ಆ ರಾತ್ರಿ ನನ್ನ ತಲೆಯಲ್ಲಿತ್ತು.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ಒಮ್ಮೆ ಬರೆದ ಸಂದೇಶವನ್ನು ತಿದ್ದಬಹುದೇ? ನಿಮ್ಮ ಯಂತ್ರದಲ್ಲೇ ಇರುವಾಗ ಧಾರಾಳವಾಗಿ ತಿದ್ದಿ. ಕೊನೆಯ ಕಮಿಟ್‌ಗೆ ‘ಅಮೆಂಡ್’ ಇದೆ, ಹಿಂದಿನವುಗಳಿಗೆ ‘ರೀಬೇಸ್’ ಇದೆ. ನಾನು ಪ್ಯಾಚ್ ಕಳಿಸುವ ಮೊದಲು ಕನಿಷ್ಠ ಎರಡು ಸಲ ತಿದ್ದುತ್ತೇನೆ. ಹಂಚಿದ ಮೇಲೆ ಕೈ ಹಾಕಬೇಡಿ. ಕಮಿಟ್‌ನ ಗುರುತಿನ ಸಂಖ್ಯೆಯನ್ನು ಲೆಕ್ಕ ಹಾಕುವಾಗ ಸಂದೇಶವೂ ಸೇರಿರುತ್ತದೆ. ಒಂದು ಅಲ್ಪವಿರಾಮ ತಿದ್ದಿದರೂ ಅದು ಬೇರೆ ಕಮಿಟ್ ಆಗುತ್ತದೆ, ಅದರ ಮೇಲೆ ಕಟ್ಟಿದ್ದೆಲ್ಲ ಬದಲಾಗುತ್ತದೆ, ಬೇರೆಯವರ ಪ್ರತಿಗಳೊಡನೆ ತಾಳೆ ತಪ್ಪುತ್ತದೆ.

ಹಾಗಾಗಿ ನನ್ನ ‘ಫಿಕ್ಸ್’ ಇನ್ನೂ ಅಲ್ಲೇ ಇದೆ. ಅದರ ಮೇಲೆ ಕಳೆದ ವರ್ಷ ಸೇರಿಸಿದ ಕಮಿಟ್‌ನ ಸಂದೇಶವನ್ನು ಓದಿಬಿಡುತ್ತೇನೆ.

‘ರ‍್ಯ ಬರುವ 38 ಪದಗಳ ಎರಡೂ ರೂಪಗಳನ್ನು ಒಪ್ಪು

ಜೋಡಕವು ರ ಆದ ಕೂಡಲೇ ಬರುವುದು ಯುನಿಕೋಡ್ ಕ್ರಮ. ವಿರಾಮದ ನಂತರ ಬರುವುದು ಹಳೆಯ ಕಡತಗಳ ಕ್ರಮ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಡಿಫ್‌ನಲ್ಲೂ ಹಾಗೆಯೇ. ಬೈಟುಗಳನ್ನು ನೋಡದೆ ಈ ಸಾಲುಗಳನ್ನು ತಿದ್ದಬೇಡಿ.

ಪಟ್ಟಿಯಲ್ಲಿ ಯುನಿಕೋಡ್ ಕ್ರಮ ಮಾತ್ರ ಇರಲಿ. ಹಳೆಯ ಕ್ರಮದಲ್ಲಿ ಟೈಪ್ ಮಾಡಿದ್ದನ್ನು ಹೋಲಿಸುವ ಮೊದಲು ಹೊಸ ಕ್ರಮಕ್ಕೆ ತಿರುಗಿಸುವ ನಿಯಮವನ್ನು ಸೇರಿಸಿದ್ದೇನೆ. ಎರಡು ರೂಪಗಳನ್ನೂ ಪಟ್ಟಿಯಲ್ಲೇ ಇಡಬಹುದಿತ್ತು. ಆಗ ಸಲಹೆಗಳಲ್ಲಿ ಒಂದೇ ಪದ ಎರಡು ಸಲ ಕಾಣುತ್ತಿತ್ತು, ಅದಕ್ಕೆ ಬೇಡವೆನಿಸಿತು.

2019ರಲ್ಲಿ ಇವನ್ನು ಹಳೆಯ ಕ್ರಮಕ್ಕೆ ತಿರುಗಿಸಿದವನು ನಾನೇ. ಯಾರು ಕೇಳಿದ್ದರು, ಯಾವ ಕಡತಗಳಿಗಾಗಿ ಎಂಬುದು ನೆನಪಿಲ್ಲ. ಅವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ.’

ಇನ್ನೂ ಯಾರೂ ಬರೆದಿಲ್ಲ.